ಬಲ್ಬು ಹೊಸದು, ಬೆಳಕೇಕೆ ಮಂದ?

ಮನೆಯಲ್ಲಿ ಹಳೆಯ ಕಾರು ಇದ್ದರೆ ಅದಕ್ಕೆ ಆಗಾಗ ಉಪಚಾರ ನಡೆಯುತ್ತಲೇ ಇರುತ್ತದೆ. ಇಂಜಿನ್ ಆಯಿಲ್ ನೋಡುತ್ತಾರೆ, ಟೈರಿಗೆ ಗಾಳಿ ಹಾಕಿಸುತ್ತಾರೆ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸುತ್ತಾರೆ. ಹೆಡ್‌ಲೈಟಿನ ಸರದಿ ಬರುವುದು ಮಾತ್ರ ಅದು ಆರಿಹೋದ ಮೇಲೆ. ಅಲ್ಲಿಯವರೆಗೆ ‘ಉರಿಯುತ್ತಿದೆಯಲ್ಲ’ ಎಂಬ ಸಮಾಧಾನ. ಆದರೆ ದೀಪ ಉರಿಯುವುದು ಬೇರೆ, ದಾರಿ ಕಾಣುವುದು ಬೇರೆ.

ಕಾರಿನ ಬೆಳಕು ಒಂದೇ ದಿನ ಕುಂದುವುದಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ನಮ್ಮ ಕಣ್ಣಿಗೆ ಇಂಥ ನಿಧಾನದ ಬದಲಾವಣೆ ಗೊತ್ತಾಗುವುದೇ ಇಲ್ಲ. ಮಧ್ಯಾಹ್ನದ ಬಿಸಿಲಿಗೂ ಮೋಡದ ದಿನದ ಬೆಳಕಿಗೂ ಹೊಂದಿಕೊಳ್ಳುವ ಕಣ್ಣು, ಹೆಡ್‌ಲೈಟು ಅರ್ಧಕ್ಕೆ ಇಳಿದರೂ ‘ಇಷ್ಟೇ ಇರಬೇಕು’ ಎಂದು ಒಪ್ಪಿಕೊಂಡುಬಿಡುತ್ತದೆ. ಒಂದು ಮಳೆಗಾಲದ ರಾತ್ರಿ ಶಿರಾಡಿ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ತಿರುವಿನ ಕಟ್ಟೆ ತೀರಾ ಹತ್ತಿರ ಬಂದ ಮೇಲೆ ಕಂಡಾಗಲೇ ಎಚ್ಚರ. ಮರುದಿನ ಎಲೆಕ್ಟ್ರಿಷಿಯನ್ ಬಳಿಗೆ ಓಟ. ಅಲ್ಲಿ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ‘ಬಲ್ಬ್ ವೀಕ್ ಆಗಿದೆ ಸಾರ್. ನೂರು-ತೊಂಬತ್ತು ಹಾಕ್ಬಿಡ್ತೀನಿ, ಹಗಲಾದಂಗೆ ಆಗುತ್ತೆ.’

ಹಗಲೇನೂ ಆಗುವುದಿಲ್ಲ. ಎಷ್ಟೋ ಸಲ ತಪ್ಪು ಬಲ್ಬಿನದ್ದೇ ಅಲ್ಲ. ಬಲ್ಬಿಗೆ ತಲುಪಬೇಕಾದ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗಿರುತ್ತದೆ. ಹಿಂದಿನ ಪ್ರತಿಫಲಕ ಮಾಸಿರುತ್ತದೆ. ಇಲ್ಲವೇ ದೀಪದ ಮುಖ ಎತ್ತಲೋ ತಿರುಗಿರುತ್ತದೆ. ಇವನ್ನೆಲ್ಲ ಪತ್ತೆ ಹಚ್ಚಲು ಹೈಸ್ಕೂಲಿನಲ್ಲಿ ಕಲಿತ ಓಮನ ನಿಯಮ, ನಿಮ್ನ ದರ್ಪಣದ ಪಾಠ ಮತ್ತು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಮನೆಯಲ್ಲಿ ಹತ್ತನೆಯ ತರಗತಿಯ ಮಗನೋ ಮಗಳೋ ಇದ್ದರೆ ಅಪ್ಪನ ಕೆಲಸ ಅರ್ಧ ಹಗುರ.

ಇಲ್ಲಿ ಹಳೆಯ ಕಾರು ಎಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800ರಂಥವು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಇಳಿದ ಮಾರುತಿ 800, ಅದಕ್ಕೂ ಬಹಳ ಹಿರಿಯದಾದ ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಮೊದಲೇ ನಿಂತುಹೋಗಿತ್ತು. ಆದರೂ ಪ್ರೀತಿಯಿಂದ ಇಟ್ಟುಕೊಂಡವರ ಮನೆಗಳಲ್ಲಿ ಇವು ಇನ್ನೂ ಓಡಾಡುತ್ತಿವೆ.

ಎಷ್ಟು ದೂರ ಕಂಡರೆ ಸಾಕು?

ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಎಮ್ಮೆ ಕಂಡು, ಅದು ಎಮ್ಮೆ ಎಂದು ತಿಳಿದು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಆದರೂ ಕಳೆಯುತ್ತದೆ. ಅಷ್ಟರಲ್ಲಿ ಕಾರು 25 ಮೀಟರ್ ಮುಂದೆ ಹೋಗಿರುತ್ತದೆ. ಒಣಗಿದ ಒಳ್ಳೆಯ ರಸ್ತೆ, ಒಳ್ಳೆಯ ಬ್ರೇಕು ಇದ್ದರೆ ನಿಲ್ಲಲು ಇನ್ನೂ 23 ಮೀಟರ್ ಬೇಕು. ಒಟ್ಟು 48 ಮೀಟರ್. ವೇಗ 80 ಆದರೆ ಇದೇ ಲೆಕ್ಕ 74 ಮೀಟರಿಗೆ ಏರುತ್ತದೆ. ಯಾಕೆಂದರೆ ಬ್ರೇಕಿನ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು.

ಸರಿಯಾಗಿ ಹೊಂದಿಸಿದ ಹೆಡ್‌ಲೈಟು ಡಿಮ್ ಇದ್ದಾಗ ಸುಮಾರು 50–60 ಮೀಟರಿನವರೆಗೆ ಉಪಯೋಗಕ್ಕೆ ಬರುವ ಬೆಳಕು ಕೊಡುತ್ತದೆ. ಅಂದರೆ 60ರ ವೇಗಕ್ಕೆ ಹೇಗೋ ಸಾಕು, 80ಕ್ಕೆ ಸಾಲದು. ಇದು ಆರೋಗ್ಯವಂತ ದೀಪದ ಮಾತು. ಮಂಕಾದ ದೀಪದಲ್ಲಿ ಕಪ್ಪು ಕಂಬಳಿ ಹೊದ್ದು ರಸ್ತೆಬದಿಯಲ್ಲಿ ನಡೆದು ಹೋಗುವ ರೈತ 25 ಮೀಟರಿಗೆ ಕಂಡರೆ ಹೆಚ್ಚು. ಕಂಡಾಗ ಬ್ರೇಕ್ ಒತ್ತಲು ಆರಂಭಿಸುವ ಹೊತ್ತಿಗೆ ಕಾರು ಅವನಿದ್ದಲ್ಲಿಗೇ ಬಂದಿರುತ್ತದೆ.

ಇನ್ನೊಂದು ಮಾತು ತಂದೆತಾಯಿಯರಿಗೆ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ. ಒಳಗಿನ ಮಸೂರವೂ ಹಳದಿಗೆ ತಿರುಗುತ್ತದೆ. ಮಗನಿಗೆ ಸಾಕೆನಿಸುವ ಬೆಳಕು ಅಪ್ಪನಿಗೆ ಸಾಲದು. ಎದುರಿನ ಪ್ರಖರ ಬೆಳಕಿನಿಂದ ಕಣ್ಣು ಕುಕ್ಕಿದರೆ ಚೇತರಿಸಿಕೊಳ್ಳಲೂ ಅಪ್ಪನಿಗೇ ಹೆಚ್ಚು ಹೊತ್ತು ಬೇಕು. ಹಳೆಯ ಕಾರನ್ನು ಓಡಿಸುವವರು ಹೆಚ್ಚಾಗಿ ಹಿರಿಯರೇ ಎಂಬುದನ್ನು ಮರೆಯುವಂತಿಲ್ಲ.

ಬಲ್ಬಿನೊಳಗೆ ಎರಡು ದೀಪ

ಈ ಕಾರುಗಳ ಹೆಡ್‌ಲೈಟ್ ಬಲ್ಬನ್ನು ಕೈಗೆತ್ತಿಕೊಂಡು ನೋಡಿದರೆ ಒಳಗೆ ಒಂದಲ್ಲ, ಎರಡು ತಂತುಗಳು ಕಾಣುತ್ತವೆ. ಒಂದು ಬ್ರೈಟಿಗೆ, ಇನ್ನೊಂದು ಡಿಮ್ಮಿಗೆ. ಎಚ್4 ಎಂಬ ಹ್ಯಾಲೊಜನ್ ಬಲ್ಬಿನ ಮೇಲೆ 60/55 ವ್ಯಾಟ್ ಎಂದು ಬರೆದಿರುವುದು ಇದಕ್ಕಾಗಿಯೇ. ಅದಕ್ಕೂ ಹಿಂದಿನ, ಹ್ಯಾಲೊಜನ್ ಅಲ್ಲದ ದುಂಡು ಬುರುಡೆಯ ಬಲ್ಬು 45/40 ವ್ಯಾಟಿನದು. ಎರಡರ ಬುಡದ ತಟ್ಟೆಯ ಅಳತೆ ಬೇರೆ. ಹಳೆಯದು ಪಿ45ಟಿ, ಎಚ್4ರದ್ದು ಪಿ43ಟಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಹಳೆಯ ಬಲ್ಬನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ದರೆ ತಪ್ಪು ಬಲ್ಬು ಹಿಡಿದುಕೊಂಡು ವಾಪಸು ಬರುವ ಪ್ರಸಂಗ ಬರುವುದಿಲ್ಲ.

ಡಿಮ್ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ತೊಟ್ಟಿಲು ಇದೆ. ಇಡೀ ಹೆಡ್‌ಲೈಟಿನ ಜಾಣತನ ಇರುವುದು ಇದರಲ್ಲೇ. ಬಲ್ಬಿನ ಹಿಂದಿರುವ ಹೊಳಪಿನ ಬೋಗುಣಿ ಪರವಲಯ ಆಕಾರದ ನಿಮ್ನ ದರ್ಪಣ. ಅದರ ಸಂಗಮ ಬಿಂದುವಿನಲ್ಲಿ ಬೆಳಕಿದ್ದರೆ ಪ್ರತಿಫಲಿಸಿದ ಕಿರಣಗಳು ಸಮಾಂತರವಾಗಿ ನೇರ ಮುಂದಕ್ಕೆ ಹೋಗುತ್ತವೆ. ಬ್ರೈಟ್ ತಂತು ಅಲ್ಲಿದೆ. ಡಿಮ್ ತಂತು ಸಂಗಮ ಬಿಂದುವಿಗಿಂತ ಸ್ವಲ್ಪ ಮುಂದಿದೆ. ಅದರ ಬೆಳಕು ಬೋಗುಣಿಯ ಮೇಲರ್ಧಕ್ಕೆ ಬಿದ್ದರೆ ಕೆಳಮುಖವಾಗಿ, ಕೆಳಗಿನ ಅರ್ಧಕ್ಕೆ ಬಿದ್ದರೆ ಮೇಲ್ಮುಖವಾಗಿ ಹೊರಡುತ್ತದೆ. ಮೇಲ್ಮುಖವಾಗಿ ಹೋದದ್ದು ಎದುರಿನವನ ಕಣ್ಣಿಗೆ. ಆದ್ದರಿಂದ ಕೆಳಗಿನ ಅರ್ಧಕ್ಕೆ ಬೆಳಕು ಹೋಗದಂತೆ ಆ ತೊಟ್ಟಿಲು ಅಡ್ಡ ಹಿಡಿಯುತ್ತದೆ. ಅದರ ಒಂದು ಅಂಚನ್ನು ಸುಮಾರು 15 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ಎಡಬದಿಯಲ್ಲಿ ಓಡಾಡುವ ನಮ್ಮ ದೇಶದಲ್ಲಿ ಬೆಳಕು ಎಡಕ್ಕೆ ಮಾತ್ರ ಸ್ವಲ್ಪ ಮೇಲೇರಿ ರಸ್ತೆಯಂಚಿನ ಕಲ್ಲು, ಪಾದಚಾರಿಗಳನ್ನು ತೋರಿಸುತ್ತದೆ. ಬಲಬದಿಯಲ್ಲಿ ಓಡಿಸುವ ದೇಶಕ್ಕೆಂದು ಮಾಡಿದ ದೀಪವನ್ನು ಇಲ್ಲಿ ಹಾಕಿದರೆ ಆ ಏರಿದ ಬೆಳಕು ನೇರ ಎದುರಿನ ಚಾಲಕನ ಮುಖಕ್ಕೇ ಹೊಡೆಯುತ್ತದೆ.

ಇಷ್ಟು ತಿಳಿದರೆ ಒಂದು ಸಂಗತಿ ಸ್ಪಷ್ಟ. ತಂತು ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ದಾರಿ ತಪ್ಪುತ್ತದೆ. ಅಗ್ಗದ ಬಲ್ಬುಗಳಲ್ಲಿ ಕೈಕೊಡುವುದು ವ್ಯಾಟ್ ಅಲ್ಲ, ಈ ಮಿಲಿಮೀಟರ್.

ಕಪ್ಪಾಗದ ಬುರುಡೆ

ಟಂಗ್‌ಸ್ಟನ್ 3,422 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ಲೋಹಗಳಲ್ಲೆಲ್ಲ ಅತಿ ಹೆಚ್ಚು ಕರಗುವ ಬಿಂದು ಇದರದ್ದೇ. ಆದರೆ ಕರಗದಿದ್ದರೂ ಆವಿಯಾಗುವುದು ತಪ್ಪುವುದಿಲ್ಲ. ಉರಿಯುತ್ತಿರುವ ತಂತುವಿನಿಂದ ಪರಮಾಣುಗಳು ಒಂದೊಂದಾಗಿ ಕಳಚಿ ಗಾಜಿಗೆ ಅಂಟಿಕೊಳ್ಳುತ್ತವೆ. ಹಳೆಯ 45/40 ಬಲ್ಬಿನ ಗಾಜು ಕಾಡಿಗೆ ಬಳಿದಂತೆ ಕಪ್ಪಾಗುವುದು ಹೀಗೆ. ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1913ರ ಸುಮಾರಿಗೆ ಬಲ್ಬಿನೊಳಗೆ ಜಡ ಅನಿಲ ತುಂಬಿ ಈ ಆವಿಯಾಗುವಿಕೆಯನ್ನು ತಗ್ಗಿಸಿದ. ಪೂರ್ತಿ ನಿಲ್ಲಿಸಲು ಆಗಲಿಲ್ಲ.

1959ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮ್ಮೆಟ್ ವೈಲಿ ಅವರಿಗೆ ಪೇಟೆಂಟ್ ದೊರೆತ ಉಪಾಯ ಸೊಗಸಾಗಿದೆ. ಬಲ್ಬಿನ ಅನಿಲಕ್ಕೆ ಅಯೋಡಿನ್ ಬೆರೆಸಿದರು. ಮುಂದೆ ಬ್ರೋಮಿನ್ ಕೂಡ ಬಳಕೆಗೆ ಬಂತು. ಕಳಚಿ ಬಂದ ಟಂಗ್‌ಸ್ಟನ್, ಗಾಜಿನ ಬಳಿ ಹ್ಯಾಲೊಜನ್‌ನೊಡನೆ ಸೇರಿ ಅನಿಲರೂಪದ ಸಂಯುಕ್ತವಾಗುತ್ತದೆ, ಗಾಜಿಗೆ ಅಂಟುವುದಿಲ್ಲ. ಈ ಸಂಯುಕ್ತ ತಿರುಗಿ ತಂತುವಿನ ಸಮೀಪಕ್ಕೆ ಬಂದಾಗ ಅಲ್ಲಿನ ಶಾಖಕ್ಕೆ ಒಡೆದು ಟಂಗ್‌ಸ್ಟನ್ನನ್ನು ಅಲ್ಲೇ ಬಿಟ್ಟು, ಹ್ಯಾಲೊಜನ್ ಮತ್ತೊಂದು ಸುತ್ತಿಗೆ ಹೊರಡುತ್ತದೆ. ಹಾಗಾದರೆ ಬಲ್ಬು ಚಿರಾಯುವೇ? ಅಲ್ಲ. ಮರಳಿ ಬಂದ ಟಂಗ್‌ಸ್ಟನ್ ಸವೆದ ಜಾಗಕ್ಕೇ ಬಂದು ಕೂರುವುದಿಲ್ಲ. ಸವೆದ ಜಾಗ ಇನ್ನಷ್ಟು ಸಪೂರವಾಗಿ, ಇನ್ನಷ್ಟು ಕಾದು, ಕೊನೆಗೊಮ್ಮೆ ತುಂಡಾಗುತ್ತದೆ.

ಈ ಚಕ್ರ ತಿರುಗಬೇಕಾದರೆ ಬುರುಡೆಯ ಗೋಡೆ ಸುಮಾರು 250 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬೇಕು. ಅದಕ್ಕೇ ಹ್ಯಾಲೊಜನ್ ಬಲ್ಬಿನ ಬುರುಡೆ ಬೆರಳಿನಷ್ಟು ಸಣ್ಣದು, ತಂತುವಿಗೆ ಅಷ್ಟು ಹತ್ತಿರ. ಶಾಖ ತಡೆಯಲು ಕ್ವಾರ್ಟ್ಸ್ ಅಥವಾ ಅಂಥದೇ ಗಟ್ಟಿ ಗಾಜು ಬೇಕು. ಯೂರೋಪಿನಲ್ಲಿ 1962ರಲ್ಲಿ ಮೊದಲ ಹ್ಯಾಲೊಜನ್ ಹೆಡ್‌ಲೈಟು ಬಂತು. ಅದರಲ್ಲಿ ಇದ್ದದ್ದು ಒಂದೇ ತಂತು. ಎರಡು ತಂತುಗಳ ಎಚ್4 ಬಂದದ್ದು 1971ರಲ್ಲಿ.

ಬದಲಿಸುವ ಕೆಲಸ

ಮಾರುತಿ 800ರಂಥ ಕಾರಿನಲ್ಲಿ ಇದು ಹತ್ತು ನಿಮಿಷದ ಕೆಲಸ. ಲೈಟು, ಇಂಜಿನ್ ಎರಡೂ ಆಫ್ ಇರಲಿ. ಬಲ್ಬು ತಣ್ಣಗಾಗಲು ಕಾಲು ಗಂಟೆ ಬಿಡಬೇಕು. ಬಾನೆಟ್ ಎತ್ತಿ ದೀಪದ ಹಿಂಭಾಗಕ್ಕೆ ಕೈ ಹಾಕಿದರೆ ಮೂರು ಕಾಲಿನ ಪ್ಲಗ್ಗು ಸಿಗುತ್ತದೆ. ವಯರು ಹಿಡಿದು ಎಳೆಯದೆ ಪ್ಲಗ್ಗನ್ನೇ ಹಿಡಿದು ಎಳೆಯಬೇಕು. ಆಮೇಲೆ ರಬ್ಬರ್ ಮುಚ್ಚಳ, ಅದರ ಹಿಂದೆ ತಂತಿಯ ಕ್ಲಿಪ್ಪು. ಕ್ಲಿಪ್ಪು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬು ಕೈಗೆ ಬರುತ್ತದೆ.

ಅಂಬಾಸಿಡರಿನ ದುಂಡು ದೀಪವನ್ನು ಸಾಮಾನ್ಯವಾಗಿ ಮುಂದಿನಿಂದ ಬಿಚ್ಚುತ್ತಾರೆ. ಮೊದಲು ಹೊರಗಿನ ಹೊಳೆಯುವ ರಿಂಗು, ಆಮೇಲೆ ದೀಪವನ್ನು ಹಿಡಿದಿರುವ ಒಳಗಿನ ರಿಂಗಿನ ಸಣ್ಣ ಸ್ಕ್ರೂಗಳು. ಇಲ್ಲೊಂದು ಎಚ್ಚರಿಕೆ. ದೀಪದ ಅಂಚಿನಲ್ಲಿ ಸ್ಪ್ರಿಂಗು ಇರುವ ದೊಡ್ಡ ಸ್ಕ್ರೂಗಳೂ ಇರುತ್ತವೆ. ಅವು ದೀಪವನ್ನು ಮೇಲೆ-ಕೆಳಗೆ, ಎಡ-ಬಲ ತಿರುಗಿಸುವ ಸ್ಕ್ರೂಗಳು. ಬಿಚ್ಚುವ ಭರದಲ್ಲಿ ಅವನ್ನು ತಿರುಗಿಸಿದರೆ ದೀಪ ನೋಡುವ ದಿಕ್ಕೇ ಬದಲಾಗುತ್ತದೆ. ತುಕ್ಕು ಹಿಡಿದ ಸ್ಕ್ರೂಗೆ ಹಿಂದಿನ ದಿನವೇ ಎರಡು ತೊಟ್ಟು ಎಣ್ಣೆ ಬಿಟ್ಟಿದ್ದರೆ ಅದರ ತಲೆ ಸವೆಯುವುದಿಲ್ಲ.

ಹೊಸ ಬಲ್ಬನ್ನು ಲೋಹದ ಬುಡದಲ್ಲಿ ಮಾತ್ರ ಹಿಡಿಯಬೇಕು. ಗಾಜನ್ನು ಮುಟ್ಟಬಾರದು ಎಂದು ಪೆಟ್ಟಿಗೆಯ ಮೇಲೇ ಬರೆದಿರುತ್ತಾರೆ, ಕಾರಣ ಬರೆದಿರುವುದಿಲ್ಲ. ಬೆರಳಿನ ಬೆವರಿನಲ್ಲಿ ಉಪ್ಪಿದೆ, ಅಂದರೆ ಸೋಡಿಯಂ ಇದೆ. ನೂರಾರು ಡಿಗ್ರಿ ಶಾಖದಲ್ಲಿ ಸೋಡಿಯಂ ತಗುಲಿದ ಜಾಗದಲ್ಲಿ ಕ್ವಾರ್ಟ್ಸ್ ತನ್ನ ಗಾಜಿನ ಗುಣ ಕಳೆದುಕೊಂಡು ಹರಳುಗಟ್ಟಿ ಬೆಳ್ಳಗಾಗುತ್ತದೆ. ಆ ಜಾಗ ಬಲ ಕಳೆದುಕೊಂಡು ಬಿರುಕು ಬಿಡುತ್ತದೆ. ಚರ್ಮದ ಎಣ್ಣೆಯೂ ಸುಟ್ಟು ಮಸಿಯಾಗಿ ಆ ಒಂದೇ ಕಡೆ ಶಾಖ ಏರಿಸುತ್ತದೆ. ಅಕಸ್ಮಾತ್ ಮುಟ್ಟಿದರೆ ಗಾಬರಿ ಬೇಡ. ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಬಹುದು. ಈ ಬಲ್ಬಿನೊಳಗೆ ಅನಿಲ ವಾತಾವರಣದ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಿನ ಒತ್ತಡದಲ್ಲಿರುತ್ತದೆ. ಕೆಳಗೆ ಬಿದ್ದರೆ ಸಿಡಿಯಬಹುದು. ಕೆಲಸ ಮಾಡುವಾಗ ಕನ್ನಡಕ ಇರುವವರು ಹಾಕಿಕೊಳ್ಳಲಿ, ಚಿಕ್ಕ ಮಕ್ಕಳು ತುಸು ದೂರ ನಿಂತು ನೋಡಲಿ.

ಬುಡದ ತಟ್ಟೆಗೆ ಮೂರು ಕಿವಿಗಳಿವೆ. ಅವು ಒಂದೇ ರೀತಿಯಲ್ಲಿ ಕೂರುವಂತೆ ಮಾಡಿರುತ್ತಾರೆ. ಕೂರದಿದ್ದರೆ ಕಿವಿ ಬಗ್ಗಿಸಿ, ಕ್ಲಿಪ್ಪು ಒತ್ತಿ ಹೇಗೋ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ಮೇಲೆ ಹೇಳಿದ ಪುಟ್ಟ ತೊಟ್ಟಿಲು ಓರೆಯಾಗುತ್ತದೆ. ಡಿಮ್ ಹಾಕಿದರೂ ಎದುರಿನಿಂದ ಬರುವವರು ಬಯ್ಯುತ್ತಾರೆ, ಯಾಕೆಂದು ಇವರಿಗೆ ತಿಳಿಯುವುದಿಲ್ಲ. ರಬ್ಬರ್ ಮುಚ್ಚಳವನ್ನು ಮರಳಿ ಸರಿಯಾಗಿ ಕೂರಿಸುವುದನ್ನೂ ಮರೆಯಬಾರದು. ಒಳಗೆ ಹೋದ ತೇವ ಪ್ರತಿಫಲಕವನ್ನು ತಿನ್ನುತ್ತದೆ.

ಸೋರಿಹೋಗುವ ವೋಲ್ಟು

ಹೊಸ ಬಲ್ಬು ಬಂತು, ಬೆಳಕು ಮಾತ್ರ ಹಾಗೇ ಇದೆ. ಈಗ ಮಲ್ಟಿಮೀಟರ್ ಹೊರತೆಗೆಯುವ ಸಮಯ.

ತಂತುದೀಪದ ಬೆಳಕು ವೋಲ್ಟೇಜಿನ ಜೊತೆ ಸಮ ಸಮವಾಗಿ ಏರಿಳಿಯುವುದಿಲ್ಲ. ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೋಲ್ಟೇಜು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ 30 ಇಳಿಯುತ್ತದೆ. ಬಲ್ಬು ಇನ್ನೂ ‘ಉರಿಯುತ್ತಲೇ’ ಇರುತ್ತದೆ, ತುಸು ಕೆಂಪಗೆ, ಅಷ್ಟೆ.

ಅಳೆಯುವ ಕ್ರಮ ಹೀಗೆ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಇಂಜಿನ್ ಚಾಲೂ ಮಾಡಿ ತುಸು ರೇಸ್ ಕೊಟ್ಟು, ಹೆಡ್‌ಲೈಟ್ ಹಾಕಿ, ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ನೋಡಬೇಕು. ಅನಂತರ ದೀಪದ ಹಿಂದಿನ ಪ್ಲಗ್ಗಿನಲ್ಲಿ ನೋಡಬೇಕು. ಬಲ್ಬು ಪ್ಲಗ್ಗಿನಲ್ಲೇ ಇದ್ದು ಉರಿಯುತ್ತಿರಬೇಕು, ಇದು ಮುಖ್ಯ. ಪ್ಲಗ್ಗು ಕಳಚಿ ಅಳೆದರೆ ಬ್ಯಾಟರಿಯಷ್ಟೇ ವೋಲ್ಟು ಕಾಣಿಸಿ ‘ವಯರಿಂಗ್ ಸರಿಯಾಗಿದೆ’ ಎಂಬ ಭ್ರಮೆ ಹುಟ್ಟುತ್ತದೆ. ಯಾಕೆ? ಪ್ರವಾಹವೇ ಹರಿಯದಿದ್ದರೆ ರೋಧದಲ್ಲಿ ವೋಲ್ಟು ಇಳಿಯುವುದೂ ಇಲ್ಲ. ವಿಭವಾಂತರವೆಂದರೆ ಪ್ರವಾಹ ಮತ್ತು ರೋಧದ ಗುಣಲಬ್ಧ ಎಂದು ಕಲಿತದ್ದು ಇಲ್ಲಿ ಬೇಕಾಗುತ್ತದೆ.

ಬ್ಯಾಟರಿಯಲ್ಲಿ 13.6, ಬಲ್ಬಿನಲ್ಲಿ 11.8 ಕಂಡಿತು ಎನ್ನೋಣ. 1.8 ವೋಲ್ಟು ದಾರಿಯಲ್ಲಿ ಹೋಯಿತು. ಬೆಳಕಿನ ಲೆಕ್ಕದಲ್ಲಿ ನೂರಕ್ಕೆ 38ರಷ್ಟು ನಷ್ಟ. ಹೊಸ ಬಲ್ಬಿಗೆ ಕೊಟ್ಟ ಹಣ ವ್ಯರ್ಥ.

ಎಲ್ಲಿ ಹೋಯಿತು? ಬ್ರೈಟ್ ಹಾಕಿದಾಗ ಒಂದು ಬಲ್ಬಿಗೆ 5 ಆಂಪಿಯರ್, ಎರಡಕ್ಕೆ 10 ಆಂಪಿಯರ್ ಹರಿಯುತ್ತದೆ. ಹಳೆಯ ಕಾರುಗಳಲ್ಲಿ ಈ ಪೂರ್ತಿ ಪ್ರವಾಹ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಡಿಪ್ಪರ್ ಸ್ವಿಚ್ಚಿಗೆ, ಫ್ಯೂಸಿಗೆ, ಆಮೇಲೆ ದೀಪಕ್ಕೆ ಬರುವುದುಂಟು. ಹಳೆಯ ಅಂಬಾಸಿಡರಿನಲ್ಲಿ ಡಿಪ್ಪರ್ ಇದ್ದದ್ದು ಕ್ಲಚ್ಚಿನ ಪಕ್ಕ ನೆಲದ ಮೇಲೆ, ಎಡಗಾಲಲ್ಲಿ ಒತ್ತುವಂಥದು. ಮಳೆಗಾಲದ ಕೆಸರು ಚಪ್ಪಲಿಯ ನೀರೆಲ್ಲ ಅದಕ್ಕೇ ಅಭಿಷೇಕ. ಇಂಥ ಒಂದು ಜಾಗದಲ್ಲಿ 0.1 ಓಮ್ ರೋಧ ಬೆಳೆದರೂ 10 ಆಂಪಿಯರಿಗೆ 1 ವೋಲ್ಟು ಇಳಿಯುತ್ತದೆ, 10 ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಸ್ವಿಚ್ಚು ಕೈಗೆ ಬಿಸಿಯಾಗಿ ಹತ್ತಿದರೆ, ಫ್ಯೂಸಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಇನ್ನೊಬ್ಬ ಕಳ್ಳ ಅರ್ತ್. ಕಾರಿನಲ್ಲಿ ಪ್ರವಾಹ ಬ್ಯಾಟರಿಗೆ ಮರಳುವುದು ಬಾಡಿಯ ತಗಡಿನ ಮೂಲಕ. ದೀಪದ ಕಪ್ಪು ವಯರು ಬಾಡಿಗೆ ಸೇರುವಲ್ಲಿ ಪೇಂಟು, ತುಕ್ಕು ಕೂತರೆ ಮರಳುವ ದಾರಿ ಇಕ್ಕಟ್ಟಾಗುತ್ತದೆ. ಲೈಟು ಉರಿಯುವಾಗ ಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ತ್ ಕಾಲಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಮುಟ್ಟಿಸಿದರೆ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟು ತೋರಿಸಿದರೆ ಆ ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಹಚ್ಚಬೇಕು. ಎಷ್ಟೋ ಕಾರುಗಳ ‘ವೀಕ್ ಬಲ್ಬು’ ಇಷ್ಟರಿಂದಲೇ ಗುಣವಾಗುತ್ತದೆ. ಖರ್ಚು ಒಂದು ತುಂಡು ಉಪ್ಪುಕಾಗದ.

ಡೈನಮೋ ಇರುವ ತೀರಾ ಹಳೆಯ ಕಾರುಗಳಲ್ಲಿ ಇಂಜಿನ್ ನಿಧಾನಕ್ಕೆ ತಿರುಗುವಾಗ ದೀಪ ಸಣ್ಣಗಾಗಿ, ಆಕ್ಸಿಲರೇಟರ್ ಒತ್ತಿದರೆ ಬೆಳಗುವುದುಂಟು. ಅದು ರೋಗವಲ್ಲ. ಕಾಂತಕ್ಷೇತ್ರದಲ್ಲಿ ಸುರುಳಿ ಎಷ್ಟು ವೇಗವಾಗಿ ತಿರುಗುತ್ತದೋ ಅಷ್ಟು ವೋಲ್ಟು ಎಂದು ಫ್ಯಾರಡೆ ಹೇಳಿದ್ದೇ ಅಲ್ಲಿ ನಡೆಯುತ್ತಿದೆ.

ಸ್ವಿಚ್ಚು, ವಯರು ಎಲ್ಲ ಹಳೆಯದಾಗಿದ್ದರೆ ಒಳ್ಳೆಯ ಪರಿಹಾರ ರಿಲೇ. ಬ್ಯಾಟರಿಯಿಂದ ದಪ್ಪ ವಯರಿನಲ್ಲಿ, ಫ್ಯೂಸಿನ ಮೂಲಕ, ರಿಲೇ ದಾಟಿ ಪ್ರವಾಹ ನೇರ ದೀಪಕ್ಕೆ ಹೋಗುತ್ತದೆ. ಹಳೆಯ ಸ್ವಿಚ್ಚಿಗೆ ಉಳಿಯುವ ಕೆಲಸ ರಿಲೇಯ ಒಳಗಿನ ವಿದ್ಯುತ್ಕಾಂತಕ್ಕೆ ಒಂದು ಆಂಪಿಯರಿನ ಸಣ್ಣ ಭಾಗ ಕಳಿಸುವುದಷ್ಟೇ. ಡಿಮ್ಮಿಗೊಂದು, ಬ್ರೈಟಿಗೊಂದು, ಎರಡು ರಿಲೇ ಬೇಕು. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಫ್ಯೂಸು ಬ್ಯಾಟರಿಯ ಹತ್ತಿರವೇ ಇದೆಯೇ ಎಂದು ಮಾತ್ರ ನಿಂತು ನೋಡಬೇಕು. ಫ್ಯೂಸು ದೂರದಲ್ಲಿದ್ದರೆ ಅಲ್ಲಿಯವರೆಗಿನ ವಯರಿಗೆ ರಕ್ಷಣೆಯೇ ಇಲ್ಲ.

ಈಗ ಆ ‘ನೂರು-ತೊಂಬತ್ತು’ ಬಲ್ಬಿನ ವಿಚಾರ. 100 ವ್ಯಾಟಿನ ಬಲ್ಬು 8 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ವಯರಿನಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 60ರ ಬದಲು 100 ಹಾಕಿದರೆ ಅದೇ ವಯರು ಸುಮಾರು 2.8 ಪಟ್ಟು ಕಾಯುತ್ತದೆ. ವೋಲ್ಟು ಇನ್ನಷ್ಟು ಸೋರುತ್ತದೆ, ಹೋಲ್ಡರ್ ಕರಗುತ್ತದೆ, ಪ್ರತಿಫಲಕದ ಲೇಪ ಮಬ್ಬಾಗುತ್ತದೆ. ಕೆಲವೊಮ್ಮೆ ಹೊಗೆಯೂ ಬರುತ್ತದೆ. ಸೋರುವ ಕೊಡಕ್ಕೆ ದೊಡ್ಡ ನಲ್ಲಿ ಜೋಡಿಸಿದ ಹಾಗೆ ಇದು.

ಬಿಳಿ ಎಲ್‌ಇಡಿ ಬಲ್ಬುಗಳನ್ನು ಹಳೆಯ ದೀಪಕ್ಕೆ ತುರುಕುವ ಚಟ ಈಚಿನ ವರ್ಷಗಳದು. ಎಲ್‌ಇಡಿಗೆಂದೇ ವಿನ್ಯಾಸ ಮಾಡಿದ ಹೊಸ ಕಾರುಗಳ ದೀಪದ ಬಗ್ಗೆ ತಕರಾರಿಲ್ಲ. ಆದರೆ ತಂತುವಿಗಾಗಿ ರೂಪಿಸಿದ ಬೋಗುಣಿಯಲ್ಲಿ ಚಪ್ಪಟೆ ಚಿಪ್ಪುಗಳ ಎಲ್‌ಇಡಿ ಕೂತರೆ, ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬೇರೆ. ಮೂಗಿನ ಮುಂದಿನ ರಸ್ತೆ ಬೆಳ್ಳಗೆ ಹೊಳೆದು ‘ಆಹಾ’ ಎನಿಸುತ್ತದೆ. ಹತ್ತಿರದ ಆ ಹೊಳಪಿಗೆ ಪಾಪೆ ಕಿರಿದಾಗಿ ದೂರದ್ದು ಇನ್ನೂ ಕಾಣದಾಗುತ್ತದೆ. ಚದುರಿದ ಬೆಳಕು ಎದುರಿನವನ ಕಣ್ಣಿಗೆ. ಐದು ಸೆಕೆಂಡು ಕಣ್ಣು ಕತ್ತಲಿಟ್ಟರೆ 60ರ ವೇಗದಲ್ಲಿ ಅವನು 83 ಮೀಟರ್ ಕುರುಡನಾಗಿ ಬರುತ್ತಾನೆ, ಬರುವುದು ನಿಮ್ಮ ಕಡೆಗೇ.

ಬೋಗುಣಿ, ಗಾಜು, ಮಂಜು

ಪ್ರತಿಫಲಕದ ಹೊಳಪು ಬಹಳ ತೆಳುವಾದ ಅಲ್ಯೂಮಿನಿಯಂ ಲೇಪ. ಅದು ಕಪ್ಪುಗಟ್ಟಿದ್ದರೆ, ಸಿಪ್ಪೆ ಎದ್ದಿದ್ದರೆ ಯಾವ ಬಲ್ಬೂ ಏನೂ ಮಾಡಲಾರದು. ಇಡೀ ದೀಪವನ್ನೇ ಬದಲಿಸಬೇಕು. ಬಟ್ಟೆ ಹಾಕಿ ಉಜ್ಜಿದರೆ ಇದ್ದ ಲೇಪವೂ ಕೈಗೆ ಬರುತ್ತದೆ. ಧೂಳಿದ್ದರೆ ಮೆಲ್ಲಗೆ ಗಾಳಿ ಊದಿದರೆ ಸಾಕು. ಹೊರಗಿನ ಗಾಜಿಗೆ ಮಾತ್ರ ಸಾಬೂನು ನೀರು ಧಾರಾಳವಾಗಿ ಬಳಸಬಹುದು. ಮಣ್ಣು ರಸ್ತೆಯಲ್ಲಿ ದಿನವಿಡೀ ಓಡಿದ ಕಾರಿನ ದೀಪವನ್ನು ರಾತ್ರಿ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿ ವ್ಯತ್ಯಾಸ ನೋಡಬಹುದು.

ಮಂಜಿನಲ್ಲಿ ಹಳದಿ ಬೆಳಕು ಹೆಚ್ಚು ದೂರ ಹೋಗುತ್ತದೆ ಎಂಬ ನಂಬಿಕೆ ಇದೆ. ಆಕಾಶ ನೀಲಿಯಾಗಿರುವುದಕ್ಕೆ ಕೊಡುವ ವಿವರಣೆಯನ್ನೇ ಇದಕ್ಕೂ ಕೊಡುತ್ತಾರೆ. ಆದರೆ ಆ ವಿವರಣೆ ಬೆಳಕಿನ ತರಂಗಕ್ಕಿಂತ ಬಹಳ ಚಿಕ್ಕದಾದ ಗಾಳಿಯ ಅಣುಗಳಿಗೆ ಮಾತ್ರ ಸರಿ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಹಲವು ಪಟ್ಟು ದೊಡ್ಡದು, ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ. ಆಗುಂಬೆಯ ಮಂಜಿನಲ್ಲಿ ಬ್ರೈಟ್ ಹಾಕಿದರೆ ಎದುರಿಗೆ ಬಿಳಿಯ ಪರದೆ ಏಳುತ್ತದೆ. ಡಿಮ್ ಹಾಕಿ ವೇಗ ತಗ್ಗಿಸುವುದೇ ಅಲ್ಲಿ ಉಪಾಯ.

ಗೋಡೆಯ ಮೇಲೆ ಗುರಿ

ಕೊನೆಯ ಕೆಲಸ ದೀಪದ ಗುರಿ. ಸಮತಟ್ಟಾದ ಜಾಗದಲ್ಲಿ, ಟೈರುಗಳಲ್ಲಿ ಸರಿಯಾದ ಗಾಳಿ ಇದ್ದು, ಚಾಲಕನ ಸೀಟಿನಲ್ಲಿ ಒಬ್ಬರು ಕುಳಿತಿರುವಾಗ, ಗೋಡೆಯಿಂದ 5 ಮೀಟರ್ ದೂರಕ್ಕೆ ಕಾರು ನಿಲ್ಲಿಸಬೇಕು. ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಡಿಮ್ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ತಾಗಬೇಕು, ಎಡಗಡೆ ಮಾತ್ರ ಸ್ವಲ್ಪ ಏರಬೇಕು. ಒಂದು ದೀಪ ಹೊಂದಿಸುವಾಗ ಇನ್ನೊಂದಕ್ಕೆ ಬಟ್ಟೆ ಅಡ್ಡ ಹಿಡಿಯಲು ಮಕ್ಕಳಿದ್ದಾರೆ.

5 ಮೀಟರಿಗೆ 5 ಸೆಂಟಿಮೀಟರ್ ಎಂದರೆ ನೂರಕ್ಕೆ 1ರ ಇಳಿಜಾರು. ದೀಪ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ಅಂಚು ನೆಲ ಮುಟ್ಟುವುದು 65 ಮೀಟರ್ ಆಚೆ. ಇಳಿಜಾರು ನೂರಕ್ಕೆ 2 ಆದರೆ 32 ಮೀಟರಿಗೇ ಮುಗಿಯಿತು. ಒಂದು ಸ್ಕ್ರೂವಿನ ಕೆಲವು ಸುತ್ತಿನಲ್ಲಿ ಅರ್ಧ ದಾರಿ ಹೋಗುತ್ತದೆ.

ಭಾರ ತುಂಬಿದ ಕಾರಿನ ಲೆಕ್ಕವನ್ನು ಮಕ್ಕಳೇ ಮಾಡಲಿ. ಅಂಬಾಸಿಡರಿನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು ಎರಡೂವರೆ ಮೀಟರ್. ಮದುವೆಗೆ ಹೊರಟ ಏಳು ಜನ, ಡಿಕ್ಕಿಯಲ್ಲಿ ಎರಡು ಮೂಟೆ, ಹಿಂದಿನ ಸ್ಪ್ರಿಂಗ್ ಪಟ್ಟಿ 5 ಸೆಂಟಿಮೀಟರ್ ಕುಗ್ಗಿದೆ. ಕಾರಿನ ಮೂತಿ ನೂರಕ್ಕೆ 2ರಷ್ಟು ಮೇಲೆದ್ದಿತು. ನೂರಕ್ಕೆ 1 ಕೆಳಗೆ ನೋಡುತ್ತಿದ್ದ ಡಿಮ್ ಬೆಳಕು ಈಗ ನೂರಕ್ಕೆ 1 ಮೇಲೆ ನೋಡುತ್ತಿದೆ. ಅದು ನೆಲವನ್ನು ಮುಟ್ಟುವುದೇ ಇಲ್ಲ. ಅಂಥ ಪ್ರಯಾಣಕ್ಕೆ ಮುಂಚೆ ತುಂಬಿದ ಭಾರದೊಡನೆ ಒಮ್ಮೆ ಗೋಡೆಯ ಮುಂದೆ ನಿಲ್ಲಿಸಿ ನೋಡುವುದು, ಇಲ್ಲವೇ ಮೂಟೆಗಳನ್ನು ಬೇರೆ ಗಾಡಿಗೆ ಹಾಕುವುದು ಒಳ್ಳೆಯದು.

ಬಲ್ಬುಗಳನ್ನು ಜೋಡಿಯಾಗಿ ಬದಲಿಸುವುದು ವಾಡಿಕೆ. ಎರಡೂ ಅಷ್ಟೇ ಗಂಟೆ ಉರಿದಿರುತ್ತವೆ, ಒಂದು ಹೋದರೆ ಇನ್ನೊಂದರದ್ದೂ ದೂರವಿಲ್ಲ. ಇನ್ನೂ ಉರಿಯುವ ಆ ಎರಡನೆಯದನ್ನು ಹೊಸ ಬಲ್ಬಿನ ಪೆಟ್ಟಿಗೆಯಲ್ಲೇ ಹಾಕಿ, ಒಂದು ಶುಭ್ರ ಕರವಸ್ತ್ರ ಮತ್ತು ಪುಟ್ಟ ಟಾರ್ಚಿನ ಜೊತೆ ಕಾರಿನಲ್ಲಿಟ್ಟರೆ ನಡುರಾತ್ರಿಯ ದಾರಿಗೆ ಆದೀತು.

ಸುಟ್ಟುಹೋದ ಬಲ್ಬು ಮಕ್ಕಳಿಗೆ. ಗಾಜು ಒಡೆಯದೆ ಮಸೂರದ ಕೆಳಗೆ ನೋಡಿದರೆ ತಂತು ತುಂಡಾದ ಜಾಗ ಕಾಣುತ್ತದೆ. ಕರಗಿ ಹನಿಗಟ್ಟಿದ ಪುಟ್ಟ ಗುಂಡು ಅಲ್ಲಿ ಸಿಗುವುದುಂಟು. ಒಂದು ತಂತು ಹೋಗಿದ್ದರೂ ಇನ್ನೊಂದು ಚೆನ್ನಾಗಿರುವ ಸಂದರ್ಭವೇ ಹೆಚ್ಚು. ಅದರ ರೋಧವನ್ನು ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಅಳೆಯಲಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ವಯರಿನದೇ ರೋಧ ಎಷ್ಟೆಂದು ನೋಡಿ ಅದನ್ನು ಕಳೆಯಬೇಕು. 55 ವ್ಯಾಟ್, 12 ವೋಲ್ಟು ಎಂದರೆ ಲೆಕ್ಕದಲ್ಲಿ 2.6 ಓಮ್ ಬರಬೇಕು. ಮೀಟರು ಅದರ ಹತ್ತರಲ್ಲೊಂದು ಪಾಲೋ ಅದಕ್ಕೂ ಕಡಿಮೆಯೋ ತೋರಿಸುತ್ತದೆ. ಮೀಟರು ಕೆಟ್ಟಿಲ್ಲ. ಕಾದಾಗ ಟಂಗ್‌ಸ್ಟನ್ನಿನ ರೋಧ ಅಷ್ಟು ಏರುತ್ತದೆ. ಹಾಗಾದರೆ ಸ್ವಿಚ್ಚು ಹಾಕಿದ ಮೊದಲ ಕ್ಷಣದಲ್ಲಿ, ತಂತು ಇನ್ನೂ ತಣ್ಣಗಿರುವಾಗ, ಎಷ್ಟು ಪ್ರವಾಹ ನುಗ್ಗುತ್ತದೆ ಎಂದು ಲೆಕ್ಕ ಹಾಕಿದರೆ, ಬಲ್ಬು ಹೆಚ್ಚಾಗಿ ಲೈಟು ಹಾಕಿದ ಕೂಡಲೇ ಏಕೆ ಹೋಗುತ್ತದೆ ಎಂಬುದೂ ತಿಳಿಯುತ್ತದೆ.